ಅನುಸೂಯಮ್ಮನ ನಾಡಿ

"ಎದೆ ನಿಂತ್ಹೋಯ್ತು, ಮೇಡಂ," ಎಂದ ಚಲಪತಿ. ಡಾಕ್ಟರಿಕೆ ಕಲಿಯುತ್ತಿದ್ದವನ ಆ ಕೂಗು ದೊಡ್ಡಬಳ್ಳಾಪುರ ದಾಟಿ, ರಾಜಘಟ್ಟದ ಹಳೇ ಬೌದ್ಧ ವಿಹಾರದ ಮಣ್ಣಿನಡಿ ಸಾವಿರ ವರ್ಷದಿಂದ ಮಲಗಿದ್ದವರನ್ನೂ ಎಬ್ಬಿಸಿರಬೇಕು. ಮಂಚದ ಮೇಲಿದ್ದ ನೇಕಾರ ಕೊಂಡಪ್ಪನಿಗೆ "ಕಣ್ಮುಚ್ಚಿ, ಉಸಿರು ಕಟ್ಟಿ, ಅಲ್ಲಾಡ್ಬೇಡಿ" ಎಂದಿದ್ದವನೂ ಅವನೇ. ಆ ಎದೆಯಲ್ಲಿ ನೂರು ಕುದುರೆ ಓಡುವುದನ್ನು ಕೇಳಿ, ಮೂರನೇ ವರ್ಷಕ್ಕೇ ಇಂಥ ಕಾಯಿಲೆ ಪತ್ತೆಹಚ್ಚಿದವನು ಭೂಮಿಯ ಮೇಲೆ ತಾನೊಬ್ಬನೇ ಎಂದು ಬೀಗುತ್ತಿರುವಾಗಲೇ ಸದ್ದು ಟಕ್ಕನೆ ನಿಂತಿತ್ತು.

ಬಾಗಿಲಲ್ಲಿದ್ದ ಕೊಂಡಪ್ಪನ ಹೆಂಡತಿ ಅನುಸೂಯಮ್ಮ ಅಲ್ಲೇ ಕೂತುಬಿಟ್ಟಳು. ಎರಡೂ ಕೈಯನ್ನು ಹೊಸ್ತಿಲಿಗೆ ಕುಟ್ಟಿದಳು. ನಲವತ್ತು ವರ್ಷದಲ್ಲಿ ಒಮ್ಮೆಯೂ ಬರಿದಾಗದ ಕೈಯ ಹಸಿರು ಬಳೆಗಳು ಹತ್ತು ದಿಕ್ಕಿಗೂ ಸಿಡಿದವು. ಅರ್ಧ ಗಂಟೆ ಹಿಂದೆ ನಾಡಿ ನೋಡಲು ಬಳೆ ತೆಗೆಯಿರಿ ಎಂದಿದ್ದಕ್ಕೆ, "ಯಜಮಾನ್ರು ಇರೋವರ್ಗೂ ತೆಗಿಯಲ್ಲ ಕಣಪ್ಪ" ಎಂದು ಚಲಪತಿಯನ್ನು ಅಟ್ಟಿದ್ದವಳು ಆಕೆ.

"ಯಾರ್ದೇ ನಿಂತಿದ್ದು?" ಕೊಂಡಪ್ಪ ಎದ್ದು ಕೂತ. "ಕರೆಂಟ್ ಹೋಯ್ತು, ಪಕ್ಕದ್ಮನೆ ಮಗ್ಗ ನಿಂತ್ಕೊಂತು, ಅಷ್ಟೇ." ಆರೋಗ್ಯ ಶಿಬಿರಕ್ಕೆ ಹುಡುಗರನ್ನು ಕರೆತಂದಿದ್ದ ಪ್ರಮೋದಾ ಮೇಡಂ ಸ್ಟೆತೋಸ್ಕೋಪಿನ ಬಿಲ್ಲೆಯನ್ನು ಎತ್ತಿ ನೋಡಿದರು. "ಉಲ್ಟಾ ಇಟ್ಟಿದ್ದೀಯಲ್ಲೋ. ಇಷ್ಟೊತ್ತೂ ಮಗ್ಗಕ್ಕೆ ಟ್ರೀಟ್ಮೆಂಟ್ ಕೊಡ್ತಿದ್ಯೇನಪ್ಪಾ?" ಜೊತೆಯವರು ಸೂರು ಹಾರುವಂತೆ ನಕ್ಕರು. ಕೊಂಡಪ್ಪನೂ ನಕ್ಕ.

ಅನುಸೂಯಮ್ಮ ನಗಲಿಲ್ಲ. ಗಾಜಿನ ಚೂರು ತುಳಿದುಕೊಂಡೇ ಬಂದು, ರಕ್ತ ಜಿನುಗುತ್ತಿದ್ದ ಬೋಳು ಕೈಯನ್ನು ಚಲಪತಿಯ ಮುಂದೆ ಚಾಚಿದಳು.

"ನೋಡಪ್ಪ ನಾಡೀನ. ಈಗ ಬಳೆ ಅಡ್ಡ ಇಲ್ಲ."