ಅಲ್ಲಾಡಿಸಿ ನೋಡಿದ ಹಲ್ಲು

ತುಮಕೂರಿನ ಸರ್ವಮಂಗಳಮ್ಮನವರಿಗೆ ಒಂದು ದವಡೆ ಹಲ್ಲು ಹೋಗಿತ್ತು… ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡರು. ಮೂಳೆಯೊಳಗೆ ಪುಟ್ಟದೊಂದು ಟೈಟಾನಿಯಂ ಸ್ಕ್ರೂ, ವಸಡಿನ ಮೇಲೆ ಅದರ ಟೋಪಿ.

"ಮೂರು ತಿಂಗಳು ಅದರ ತಂಟೆಗೆ ಹೋಗ್ಬೇಡಿ. ಮೂಳೆ ಅದನ್ನ ಹಿಡ್ಕೊಂಡ ಮೇಲೆ ಹಲ್ಲು ಕೂರಿಸೋಣ" ಎಂದಿದ್ದರು ಡಾಕ್ಟರಮ್ಮ.

ಆದರೆ ಪರೀಕ್ಷೆ ಮಾಡದೆ ಏನನ್ನೂ ನಂಬುವ ಜಾಯಮಾನ ಸರ್ವಮಂಗಳಮ್ಮನವರದಲ್ಲ…

ಗದಗದಿಂದ ಬಂದ ಹೊಸ ಸೊಸೆ ಶಿವಲೀಲಾ ತೊಳೆದಿಟ್ಟ ಲೋಟವನ್ನು ಮೂಸಿ ನೋಡಿಯೇ ನೀರು ಕುಡಿಯುವವರು. ಇನ್ನು ಸ್ಕ್ರೂ ಬಿಟ್ಟಾರೆಯೇ? ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಗಟ್ಟಿಯಾಯಿತೇ ಎಂದು ಬೆರಳಲ್ಲಿ ಅಲ್ಲಾಡಿಸಿ ನೋಡುತ್ತಿದ್ದರು.

ಎರಡು ತಿಂಗಳಿಗೆ ಸ್ಕ್ರೂ ಸಡಿಲವಾಯಿತು. ಸೊಸೆಯೇ ಕ್ಲಿನಿಕ್ಕಿಗೆ ಕರೆದುಕೊಂಡು ಬಂದಳು.

"ಏನಾದ್ರೂ ಗಟ್ಟಿ ತಿಂದ್ರಾ ಅಮ್ಮ?"

ಸುಳ್ಳು ತಾನಾಗಿಯೇ ಬಾಯಿಗೆ ಬಂತು… "ಇವಳ ಊರಿನವರದು ಖಡಕ್ ರೊಟ್ಟಿ ನೋಡಿ. ಇವಳು ಕೊಟ್ಟಳು, ನಾನು ತಿಂದೆ."

ನಿಜ ಹೇಳಬೇಕೆಂದರೆ, ಎರಡು ತಿಂಗಳಿಂದ ಆ ಮನೆಯಲ್ಲಿ ರೊಟ್ಟಿಯ ಹಂಚು ಒಲೆಗೇ ಏರಿರಲಿಲ್ಲ. ಅತ್ತೆಯ ಎದುರು ತಾನೊಬ್ಬಳೇ ರೊಟ್ಟಿ ಮುರಿಯುವುದು ಹೇಗೆಂದು ಶಿವಲೀಲಾ ಕೂಡ ಮೆತ್ತನ್ನವನ್ನೇ ಉಣ್ಣುತ್ತಿದ್ದಳು.

ಅವಳು ಅತ್ತೆಯ ಮುಖ ನೋಡಿ ತಲೆ ತಗ್ಗಿಸಿದಳು… "ಹೌದ್ರಿ ಡಾಕ್ಟರ್. ತಪ್ಪು ನಂದ ಐತ್ರಿ."

ಡಾಕ್ಟರಮ್ಮ ಎಕ್ಸ್‌ರೇ ನೋಡಿದರು. ಸ್ಕ್ರೂ ಮುಟ್ಟಿ ನೋಡಿದರು.

"ಇದು ಒಂದು ದಿನದ ರೊಟ್ಟಿ ಕೆಲಸದ ಥರ ಕಾಣಲ್ಲ. ಯಾರೋ ದಿನಾ ಅಲ್ಲಾಡಿಸಿದ ಹಾಗಿದೆ. ಮೂಳೆ ಪಾಪ, ಒಳಗಿಂದ ನಿಧಾನವಾಗಿ ಬೆಳೆದು ಸ್ಕ್ರೂನ ಹಿಡ್ಕೊಳ್ತಾ ಇರುತ್ತೆ. ಹಿಡೀತಾ ಅಂತ ಅಲ್ಲಾಡಿಸಿದಾಗೆಲ್ಲ ಆ ಹಿಡಿತಾನೇ ಬಿಟ್ಟೋಗುತ್ತೆ. ಇದನ್ನ ತೆಗೀಬೇಕು… ಮೂಳೆ ಮಾಗಿದ ಮೇಲೆ ಮತ್ತೆ ಮೊದಲಿಂದ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಸರ್ವಮಂಗಳಮ್ಮನವರ ಬೆರಳು ಸೆರಗಿನೊಳಗೆ ಸೇರಿತು.

ಮನೆಗೆ ಹೋಗುವ ಆಟೋದಲ್ಲಿ ಮೆಲ್ಲಗೆ ಕೇಳಿದರು. "ಮಾಡದ ತಪ್ಪು ಯಾಕೆ ಒಪ್ಕೊಂಡೆ?"

"ಹೊರಗಿನವರ ಮುಂದ ನಿಮ್ಮ ಮಾತು ಸುಳ್ಳಾಗಬಾರದಲ್ರಿ ಅತ್ತಿ…"

ಸರ್ವಮಂಗಳಮ್ಮನವರಿಗೆ ದುಃಖ ಒತ್ತರಿಸಿ ಬಂತು. ಸೊಸೆಯ ಕೈ ಹಿಡಿದುಕೊಂಡರು. ಆ ಕೈ ಹಿಡಿದದ್ದು ಅದೇ ಮೊದಲು.

"ಆಟೋ ತಿರುಗಿಸಪ್ಪ… ನನ್ನ ಸೊಸೆ ರೊಟ್ಟಿ ಕೊಟ್ಟಿರಲಿಲ್ಲ ಅಂತ ಡಾಕ್ಟ್ರಿಗೆ ಹೇಳಿ ಬರ್ಬೇಕು."

ಹಲ್ಲಾಗಲಿ, ಸಂಬಂಧವಾಗಲಿ… ಬೇರು ಬಿಡುವ ಹೊತ್ತಿನಲ್ಲಿ ಅಲ್ಲಾಡಿಸಿ ನೋಡಬಾರದು.

ನಿಮ್ಮ ಮನೆಗೆ ಹೊಸದಾಗಿ ಬಂದವರನ್ನು ನೀವು ದಿನಕ್ಕೆ ಎಷ್ಟು ಸಲ ಅಲ್ಲಾಡಿಸಿ ನೋಡುತ್ತಿದ್ದೀರಿ?