ಗಿಡ್ಡ ಬಾಗಿಲಿನ ನೆರಳು

ದಂಡುಪೇಟೆಯ ಸ್ಥಾಪನಾ ದಿನದಂದು ಅಲ್ಲಿನ ಕಟ್ಟಡಗಳ ನೆರಳು ಬೀಳುವುದಿಲ್ಲ. ಅವುಗಳಿಗಾಗಿ ಕೆಡವಿದ ಮನೆಗಳ ನೆರಳು ಬೀಳುತ್ತದೆ. ಬ್ರಿಟಿಷರು ಕಟ್ಟಿಸಿದ ಗಡಿಯಾರ ಗೋಪುರದ ಪಕ್ಕ ಬಿದ್ದ ತನ್ನ ಹಿರಿಯರ ಮನೆಯ ನೆರಳಿನಲ್ಲಿ ಸಂಕವ್ವ, ಪ್ರತಿ ವರ್ಷದಂತೆ, ಚಪ್ಪಲಿ ಹೊರಗೆ ಬಿಟ್ಟು ರೊಟ್ಟಿಯ ಗಂಟು ಬಿಚ್ಚಿ ಕೂತಿದ್ದಳು. ದಂಡುಪೇಟೆ ಸ್ಥಾಪನೆಯಾಗಿ ಇದು ಇನ್ನೂರನೆಯ ವರ್ಷ. ಬ್ಯಾಂಡಿನವರು ಆಗಲೇ ಬಂದಿದ್ದರು.

ಉತ್ಸವ ಸಮಿತಿಯ ಅಧ್ಯಕ್ಷ ಗುರುಪಾದಪ್ಪ ಹತ್ತಿರ ಬಂದರು. “ಯವ್ವಾ, ಸ್ವಲ್ಪ ಏಳು. ಇಲ್ಲಿ ಶಾಮಿಯಾನ ಹಾಕಬೇಕು.”

“ಹಾಕಿದ್ರ ನಮ್ಮನಿ ಅಳಿಸಿ ಹೋಗತೈತ್ರಿ.”

“ಬರೇ ನೆರಳದು.”

“ಹೌದ್ರಿ. ನಮಗ ಉಳದಿದ್ದು ಅಷ್ಟ.”

ಆಕೆಯನ್ನು ಎಬ್ಬಿಸಲೆಂದು ಅವರು ಮುಂದೆ ಬಂದರು. ಸಂಕವ್ವ ಕೂತಲ್ಲಿಂದಲೇ ಹೇಳಿದಳು: “ಬಾಗಲ ಗಿಡ್ಡ ಐತ್ರಿ. ತಲಿ ಬಗ್ಗಿಸಿ ಬರ್ರಿ.”

ಅಧ್ಯಕ್ಷರು ನಿಂತರು. ನೆರಳಿನ ಅಂಚಿನಲ್ಲಿ ಬೂಟು ಕಳಚಿಟ್ಟು, ಬರೀ ಗಾಳಿಗೆ ತಲೆ ಬಗ್ಗಿಸಿ ಒಳಗೆ ಬಂದರು.