ಮಂಗಳ ಗ್ರಹದ ಪೈಲ್ವಾನ

“ಮಂಗಳ ಗ್ರಹದೋನ್ಗೂ ಬೆವರು ಬತ್ತದೆ ಮೇಷ್ಟ್ರೇ. ನಿನ್ನೆ ನಾನೇ ಕಣ್ಣಾರೆ ಕಂಡೆ,” ಎಂದು ಉಸ್ತಾದ್ ಮರಿಯಯ್ಯ ಸಿದ್ದರಾಜುವಿನ ಬೆನ್ನಿಗೆ ಎಣ್ಣೆ ಸುರಿದರು.

ಕೆಸರೆಯ ಗರಡಿಯ ಜಗಲಿಯ ಮೇಲೆ ಬೋರಲು ಮಲಗಿದ್ದ ಸಿದ್ದರಾಜು ತಲೆ ಎತ್ತಹೋಗಿ ಮತ್ತೆ ಕೆನ್ನೆ ಊರಿದ. ಉಸ್ತಾದರು ಡೇರೆ ಕುಸ್ತಿಗೆ ಬಂದಿದ್ದರೇ? ಹದಿನೈದು ದಿನದಿಂದ ಡೇರೆಯವರು ಜಟಕಾ ಗಾಡಿಗೆ ಬೋರ್ಡು ಕಟ್ಟಿ, ತಮಟೆ ಬಡಿದು, ಮಂಗಳ ಗ್ರಹದಿಂದ ಇಳಿದ ಪೈಲ್ವಾನನನ್ನು ನೋಡಲು ಬನ್ನಿ ಎಂದು ಊರೆಲ್ಲ ಸಾರುತ್ತಿದ್ದರು. ಯಾರು ಗೆಲ್ಲಬೇಕು, ಯಾರು ಎಷ್ಟನೇ ಸುತ್ತಿಗೆ ಬೀಳಬೇಕು ಎಂಬುದೆಲ್ಲ ಮೊದಲೇ ಗೊತ್ತು ಮಾಡಿಕೊಂಡ ಆಟ ಅದು. ಮಂಗಳದವನಾಗಿ ಹಸಿರು ಮುಸುಕು ತೊಡುತ್ತಿದ್ದವನ ಕಾಲು ಉಳುಕಿ, ಅದೇ ಮೈಕಟ್ಟಿನವನೊಬ್ಬ ಎರಡು ದಿನದ ಮಟ್ಟಿಗೆ ಬೇಕೆಂದು ಡೇರೆಯ ಮ್ಯಾನೇಜರು ಹುಡುಕಿಕೊಂಡು ಬಂದಾಗ ಸಿದ್ದರಾಜು ಒಪ್ಪಿಬಿಟ್ಟಿದ್ದ. ಸಾವಿರ ಜನ ಒಟ್ಟಿಗೆ ಕೂಗುವುದನ್ನು ಒಮ್ಮೆಯಾದರೂ ಕೇಳಬೇಕೆಂಬ ಆಸೆ. ಮುಸುಕಿನೊಳಗೆ ಇರುವವನು ಯಾರೆಂದು ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ.

ಬರುವ ಭಾನುವಾರ ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ. ಗರಡಿಯ ಉಸ್ತಾದರು ಹೆಸರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇಕೆಂದೇ ಬೀಳುವ ಕುಸ್ತಿ ಆಡಿದವನೆಂದು ತಿಳಿದರೆ ಮರಿಯಯ್ಯ ಹೆಸರು ಕೊಡುವುದಿರಲಿ, ಹೊಸ್ತಿಲು ದಾಟಲೂ ಬಿಡುವವರಲ್ಲ.

ಪೇಪರು ಹರಡಿಕೊಂಡು ಕೂತಿದ್ದ ಸದಾಶಿವಯ್ಯ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ನಗಬೇಡಿ ಮರಿಯಯ್ಯನೋರೇ. ರಷ್ಯಾದವರು ಚಂದ್ರನಿಗೇ ರಾಕೆಟ್ಟು ಮುಟ್ಟಿಸಿದ್ದಾರೆ. ನಾಳೆ ಮಂಗಳದಿಂದಲೂ ಯಾರಾದ್ರೂ ಬಂದಾರು. ಆದ್ರೆ ಬಂದವನು ಕುಸ್ತಿ ಮಾಡಲಾರ.”

“ಅದ್ಯಾಕೆ?”

“ಅಲ್ಲಿ ಭಾರ ಕಡಿಮೆ ಕಣ್ರೀ. ಇಲ್ಲಿಯ ಮೂರು ಮೂಟೆ ಅಲ್ಲಿ ಒಂದು ಮೂಟೆಗೆ ಸಮ. ಅಂಥಾ ಕಡೆ ಹುಟ್ಟಿದವನು ಭೂಮಿಗೆ ಬಂದ್ರೆ ತನ್ನ ಮೈ ತಾನೇ ಹೊರಲಾರ.”

“ಓಹೋ, ಅದ್ಕೇ ಮೂರನೇ ಸುತ್ತಿಗೆ ಅಂಗಾತ ಬಿದ್ನಾ! ನಾನೆಲ್ಲೋ ಬೀಳು ಅಂದವ್ರೆ, ಬಿದ್ದ ಅನ್ಕೊಂಡಿದ್ದೆ.” ನಗುತ್ತಲೇ ಮರಿಯಯ್ಯನವರ ಹೆಬ್ಬೆರಳು ಭುಜದ ಹತ್ತಿರ ಬಂದು ನಿಂತಿತು. “ಇದೇನ್ಲಾ ಸಿದ್ದ, ಊದ್ಕೊಂಡದೆ?”

“ಅಕ್ಕಿ ಮಂಡೀಲಿ ಮೂಟೆ ಎತ್ತುವಾಗ ಉಳುಕ್ತು ಉಸ್ತಾದ್ರೇ.”

“ಮೂಟೆ ಎತ್ತೋನ್ಗೆ ಇಲ್ಲಿ ಉಳುಕ್ತದಾ? ಸರಿ ಬುಡು.”

ಸಿದ್ದರಾಜು ಕಣ್ಣು ಮುಚ್ಚಿಕೊಂಡು ನಿನ್ನೆಯದನ್ನೆಲ್ಲ ಒಂದೊಂದಾಗಿ ತಡವಿ ನೋಡಿದ. ಮುಸುಕು ಕೊರಳಿನವರೆಗೂ ಇತ್ತು. ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ನಡಿಗೆಯನ್ನೂ ಬದಲಿಸಿ, ಕಾಲೆಳೆಯುತ್ತ ನಡೆದಿದ್ದ. ಗುರುತು ಹಿಡಿಯುವಂಥದು ಏನೂ ಉಳಿದಿರಲಿಲ್ಲ.

“ಎಲ್ಲಾ ಚೆನ್ನಾಗೇ ಮಾಡ್ದ ಮೇಷ್ಟ್ರೇ. ಒಂದೇ ಒಂದ್ ತಪ್ಪು ಮಾಡ್ಬುಟ್ಟ,” ಎಂದರು ಮರಿಯಯ್ಯ. “ಹಗ್ಗ ದಾಟಿ ಒಳೀಕೆ ಕಾಲಿಡೋ ಮುಂಚೆ ಬಗ್ಗಿ ನೆಲ ಮುಟ್ಟಿ ಕಣ್ಗೊತ್ಕೊಂಡ. ಅಲ್ಲಿ ಮಣ್ಣೆಲ್ಲಿ ಬತ್ತದೆ? ಹಲಗೆ ಮೇಲೆ ಹಾಸಿದ ತಾಡಪಾಲು. ಕೈಗೆ ಒಂದ್ ಚೂರೂ ಅಂಟ್ಲಿಲ್ಲ. ಆದ್ರೂ ಕಣ್ಗೊತ್ಕೊಂಡ.”

ಸಿದ್ದರಾಜುವಿಗೆ ಹಾಗೆ ಮಾಡಿದ ನೆನಪೇ ಇರಲಿಲ್ಲ. ಹನ್ನೆರಡು ವರ್ಷದಿಂದ ದಿನಾ ಬೆಳಗ್ಗೆ ಗರಡಿಯ ಮಣ್ಣಿಗೆ ಇಳಿಯುವ ಮುಂಚೆ ಅವನ ಕೈ ತಾನಾಗಿಯೇ ನೆಲಕ್ಕೆ ಹೋಗಿ ಬರುತ್ತಿತ್ತು. ನಿನ್ನೆ ಒಳಗೆ ಕಾಲಿಡುವಾಗ ಮುಂದಿನ ಸಾಲಿನಲ್ಲಿ ಯಾರೋ ನಾಲ್ಕು ಜನ ನಕ್ಕಿದ್ದು ಕೇಳಿಸಿತ್ತು. ತಲೆಯ ಮೇಲಿನ ರಟ್ಟಿನ ಕೊಂಬು ಕಂಡು ನಗುತ್ತಿದ್ದಾರೆ ಎಂದುಕೊಂಡಿದ್ದ.

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. “ಹಾಗಾದ್ರೆ ಮಂಗಳದಲ್ಲೂ ಗರಡಿ ಇದೆ ಅನ್ನಿ!” ಆಮೇಲೆ ದನಿ ತಗ್ಗಿಸಿದರು. “ಅಲ್ಲಾ, ಅಂದ್ರೆ ನಮ್ಮೂರಿನವನೇ ಯಾವನೋ ಆದ. ಯಾವ ಗರಡಿಯವನು?”

ಬೆನ್ನಿನ ಮೇಲೆ ಆಡುತ್ತಿದ್ದ ಕೈ ನಿಂತಿತು.

“ಮುಖ ಮುಚ್ಕೊಂಡು ಬಂದೋನ್ನ ಎಂಗೆ ಕೇಳೋದು?” ಎಂದು ಮರಿಯಯ್ಯ ಬೆನ್ನು ತಟ್ಟಿದರು. “ಏಳ್ಲಾ ಸಿದ್ದ. ಇಳಿ ಮಟ್ಟಿಗೆ.”

ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿಯನ್ನು ಆಗತಾನೆ ಗುದ್ದಲಿಯಿಂದ ಮಗುಚಿ ಹದ ಮಾಡಿದ್ದರು. ಮಜ್ಜಿಗೆ, ಬೇವಿನೆಣ್ಣೆ ಕುಡಿದ ಮಣ್ಣು ಉತ್ತ ಹೊಲದ ಹಾಗೆ ತಣ್ಣಗೆ ಬಿದ್ದಿತ್ತು. ಸಿದ್ದರಾಜು ಅಂಚಿನಲ್ಲಿ ನಿಂತು ಬಗ್ಗಿದ. ಎಷ್ಟು ಬಗ್ಗಬೇಕು, ಕೈಯನ್ನು ಎಷ್ಟು ಹೊತ್ತು ನೆಲದ ಮೇಲೆ ಇಡಬೇಕು ಎಂಬುದೇ ಹೊಳೆಯದಾಯಿತು. ಎಣ್ಣೆಬೆರಳಿಗೆ ಮಣ್ಣು ದಪ್ಪಗೆ ಮೆತ್ತಿಕೊಂಡಿತು. ಅದನ್ನು ಕಣ್ಣಿಗೆ ಒತ್ತಿಕೊಂಡವನಿಗೆ ಬೆನ್ನ ಹಿಂದೆ ಉಸ್ತಾದರು ನೋಡುತ್ತಿರುವುದು ಬೆನ್ನಿಗೇ ತಿಳಿಯುತ್ತಿತ್ತು.

“ಭಾನುವಾರಕ್ಕೆ ಸಿದ್ದರಾಜು ಹೆಸರು ಕೊಟ್ರಾ?” ಮೇಷ್ಟ್ರು ಜಗಲಿಯಿಂದ ಕೇಳಿದರು.

“ಇನ್ನೂ ಇಲ್ಲ. ನಾಳೆ ಕೊಡೋದಾ ಬ್ಯಾಡ್ವಾ ಅಂತ ನೋಡ್ತೀನಿ. ಇವತ್ತು ಸಂಜೆ ಆ ಮಂಗಳದೋನ್ದು ಇನ್ನೊಂದು ಆಟ ಅದೆಯಂತೆ. ಓಗ್ಬೇಕು.”

“ನೋಡಿದ್ದನ್ನೇ ನೋಡೋಕಾ? ಇವತ್ತೂ ಮೂರನೇ ಸುತ್ತಿಗೆ ಬೀಳ್ತಾನೆ. ಇವತ್ತೂ ನೆಲ ಮುಟ್ಟಿದ್ರಂತೂ ಜನ ಸುಮ್ನೆ ಬಿಡೋಲ್ಲ, ಮುಸುಕು ಕಿತ್ತು ನೋಡ್ತಾರೆ, ಅಷ್ಟೇ.”

“ಬೀಳ್ಲಿ ಬುಡಿ ಮೇಷ್ಟ್ರೇ,” ಎಂದರು ಮರಿಯಯ್ಯ, ಕೈಯ ಎಣ್ಣೆಯನ್ನು ತಮ್ಮ ಮೊಣಕಾಲಿಗೆ ನಿಧಾನವಾಗಿ ತಿಕ್ಕಿಕೊಳ್ಳುತ್ತ. “ನಿನ್ನೆ ಮೈಮರೆತು ಮುಟ್ದ. ಇವತ್ತು ಎಚ್ಚರವಾಗಿದ್ದು ಮುಟ್ತಾನಾ, ಮುಟ್ದಂಗೇ ಒಳೀಕೆ ಓಯ್ತಾನಾ, ಅದ ನೋಡ್ಬೇಕು.”